ಮಂಗಳೂರ ಸಮಾಚಾರ: ಕನ್ನಡದ ಮೊದಲ ವೃತ್ತಪತ್ರಿಕೆಯ ಅಲ್ಪಾಯುಷ್ಯವೂ ಅದರ ಫಲವೂ

ಶರಣಧರ್ಮದಲ್ಲಿ ಅನ್ನದಾಸೋಹಕ್ಕೂ ಜ್ಞಾನದಾಸೋಹಕ್ಕೂ ಸಮಾನವಾದ ಗೌರವವುಂಟು. ಹಸಿದು ಬಂದವನಿಗೆ ಪ್ರಸಾದವನ್ನು ನೀಡುವುದು ಮಠದ ಕರ್ತವ್ಯವಾಗಿರುವಂತೆಯೇ ಅರಿಯದೆ ಬಂದವನಿಗೆ ಅರಿವನ್ನು ನೀಡುವುದೂ ಅದರ ಕರ್ತವ್ಯವೆಂದು ಹಿರಿಯರು ನಡೆಸಿಕೊಂಡು ಬಂದಿರುತ್ತಾರೆ. ಈ ಜ್ಞಾನದಾಸೋಹವು ಮೊದಲು ಬಾಯಿಮಾತಿನಿಂದಲೂ, ಅನಂತರ ತಾಳೆಯೋಲೆಯಿಂದಲೂ, ಕಡೆಗೆ ಅಚ್ಚಿನ ಹಾಳೆಯಿಂದಲೂ ನಡೆಯಿತು. ಕನ್ನಡ ಭಾಷೆಯಲ್ಲಿ ಲೋಕದ ವರ್ತಮಾನವನ್ನು ಹೊತ್ತ ಅಚ್ಚಿನ ಹಾಳೆಯು ಮೊಟ್ಟಮೊದಲು ಹೊರಬಿದ್ದುದು 1843ನೆಯ ಇಸವಿ ಜುಲೈ 1ರಂದು. ಅದರ ಹೆಸರು ‘ಮಂಗಳೂರ ಸಮಾಚಾರ’. ಅದು ಹುಟ್ಟಿ ಒಂದು ವರ್ಷ ತುಂಬುವುದಕ್ಕೆ ಮೊದಲೇ ತನ್ನ ಊರನ್ನೂ ಹೆಸರನ್ನೂ ಬದಲಿಸಿತು. ಬದಲಿಸಿದ ಮೇಲೆಯೂ ಬಹುಕಾಲ ಬದುಕಲಿಲ್ಲ.

ಪರದೇಶದಿಂದ ಬಂದ ಪಾದ್ರಿಯೊಬ್ಬರು ನಡೆಸಿದ, ಅಲ್ಪಕಾಲ ಬಾಳಿದ ಪತ್ರಿಕೆಯ ಚರಿತ್ರೆಗೆ ವೀರಶೈವ ಮಠದ ಸ್ಮರಣ ಸಂಪುಟದಲ್ಲಿ ಎಡೆಯೇಕೆಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರಗಳು ಎರಡು. ಬಸವಪುರಾಣವನ್ನು ಅಚ್ಚಿಗೇರಿಸಿದ ಮೊದಲಿಗರಲ್ಲಿ ಆ ಪತ್ರಿಕೆಯ ಸಂಪಾದಕರೂ ಒಬ್ಬರೆಂಬುದು ಒಂದು. ಆ ಪತ್ರಿಕೆಯು ಏತಕ್ಕೆ ಹುಟ್ಟಿತು, ಏತಕ್ಕೆ ನಿಲ್ಲಲಾರದೆ ಹೋಯಿತು ಎಂಬುದನ್ನು ತಿಳಿದರೆ, ಜ್ಞಾನದಾಸೋಹವು ಯಾವ ಅಡಿಪಾಯದ ಮೇಲೆ ನಿಲ್ಲತಕ್ಕದ್ದೆಂಬುದೂ ತಿಳಿಯುವದೆಂಬುದು ಇನ್ನೊಂದು.

ಭರತಖಂಡದಲ್ಲಿ ವೃತ್ತಪತ್ರಿಕೆಯ ಆರಂಭವೇ ಅಲ್ಪಾಯುಷ್ಯದಿಂದ ಆಯಿತು. 1780ನೆಯ ಇಸವಿ ಜನವರಿ 29ರಂದು ಕಲಕತ್ತೆಯಲ್ಲಿ ಹಿಕಿ ಎಂಬವನು ಇಂಗ್ಲಿಷ್ ವಾರಪತ್ರಿಕೆಯೊಂದನ್ನು ಹೊರಡಿಸಿದನು. ಕುಂಪಣಿಯ ದೊಡ್ಡ ಅಧಿಕಾರಿಗಳನ್ನು ಹಳಿದುದರ ಫಲವಾಗಿ ಅವನು ಸೆರೆಮನೆಯನ್ನು ಕಂಡನು. 1782ರಲ್ಲಿ ಪತ್ರಿಕೆಯು ನಿಂತುಹೋಯಿತು. ದೇಶಭಾಷೆಗಳ ಸರದಿ ಬಂದುದು ಅದಾದ ಮೇಲೆ. 1818ರಲ್ಲಿ ಶ್ರೀರಾಮಪುರದ ಪಾದ್ರಿಗಳು ಬಂಗಾಲಿಯಲ್ಲಿ ‘ಸಮಾಚಾರ ದರ್ಪಣ’ವೆಂಬ ವಾರಪತ್ರಿಕೆಯನ್ನು ತೆಗೆದರು. 1822ನೆಯ ಇಸವಿ ಜುಲೈ 1ರಂದು ಮುಂಬಯಿಯಲ್ಲಿ ಪಾರಸಿ ಗೃಹಸ್ಥರಾದ ಫರ್ದುನ್‌ಜಿ ಮರ್ಜಬಾನರು ಗುಜರಾತಿಯಲ್ಲಿ ‘ಮುಂಬಯಿ ಸಮಾಚಾರ’ವನ್ನು ವಾರಪತ್ರಿಕೆಯಾಗಿ ಆರಂಭಿಸಿದರು. 1832ರಲ್ಲಿ ಬಾಳಶಾಸ್ತ್ರಿ ಜಾಂಭೇಕರರು ‘ದರ್ಪಣ’ವೆಂಬ ಪತ್ರಿಕೆಯಿಂದ ಮರಾಠಿಗೆ ಈ ದಾರಿಯನ್ನು ತೆರೆದರು, ಅದು 1840ರಲ್ಲಿ ನಿಂತಿತು. 1835ರಲ್ಲಿ ಮೆಟಕಾಫನು ಅಚ್ಚುಕೂಟಗಳ ಮೇಲಿದ್ದ ಪರವಾನಿಗೆಯ ಕಟ್ಟನ್ನು ಸಡಿಲಿಸಿದುದರಿಂದ ಪತ್ರಿಕೆಯನ್ನು ತೆಗೆಯುವ ಕಾರ್ಯವು ಮೊದಲಿಗಿಂತ ಸುಗಮವಾಯಿತು. ಇಷ್ಟಾದರೂ ಕನ್ನಡಕ್ಕೆ ಒಂದು ಪತ್ರಿಕೆಯಿರಲಿಲ್ಲ.

ಇದಕ್ಕೆ ಕಾರಣವನ್ನು ಕನ್ನಡ ನಾಡಿನ ಅಂದಿನ ಸ್ಥಿತಿಯಲ್ಲಿ ಕಾಣಬಹುದು. ಧಾರವಾಡ, ಬೆಳಗಾವಿಗಳ ಸೀಮೆಯು ಮುಂಬಯಿ ಇಲಾಖೆಗೆ ಸೇರಿದ್ದಿತು. ಮಂಗಳೂರು, ಬಳ್ಳಾರಿಗಳು ಮದ್ರಾಸ ಇಲಾಖೆಗೆ ಸೇರಿದ್ದವು. ಮೈಸೂರು 1831ರಿಂದ ಕಮಿಶನರರ ಆಡಳಿತದಲ್ಲಿದ್ದಿತು. ಕೊಡಗು 1834ರಲ್ಲಿ ಕುಂಪಣಿಯ ವಶವಾಗಿದ್ದಿತು. ಪೂರ್ವದ ಕನ್ನಡ ಭಾಗವು ನಿಜಾಮನದಾಗಿದ್ದಿತು. ಧಾರವಾಡದ ಸೀಮೆಯೊಳಗೂ ಒಡಕು ಇದ್ದೇ ಇದ್ದಿತು. ನವಲಗುಂದ, ಅಣ್ಣಿಗೇರಿ, ಕಲಘಟಗಿಗಳು ಕುಂಪಣಿಯ ಮುಲಕಿನಲ್ಲಿದ್ದರೆ ಕುಂದಗೋಳವು ಜಮಖಂಡಿ ಸಂಸ್ಥಾನದ್ದಾಗಿದ್ದಿತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಲೆಕ್ಕಪತ್ರಗಳಲ್ಲಿ ಮೋಡಿ ಎಂಬಂತೆ ಈ ಭಾಗದ ಜನರು ಬದುಕುತ್ತಿದ್ದರು. ಒಂದೇ ಮಾತನ್ನಾಡುವ ಜನರು ಹಲವು ಸರಕಾರಗಳ ಕೈಯಲ್ಲಿ ಹಂಚಿಹೋಗಿದ್ದುದರಿಂದ ಅವರೆಲ್ಲರಿಗೂ ಸಲ್ಲುವ ಒಂದು ವರ್ತಮಾನಪತ್ರವನ್ನು ತೆಗೆಯುವ ಸಾಹಸಕ್ಕೆ ಯಾರೂ ಕೈಹಾಕಿರಲಿಲ್ಲ.

ಆ ಸಾಹಸವನ್ನು ಮಾಡಿದವರು ಹೆರ್ಮನ್ ಮೋಗ್ಲಿಂಗರು. ಇವರು 1811ರಲ್ಲಿ ಜರ್ಮನಿಯ ವುರ್ಟೆಂಬರ್ಗ ಸೀಮೆಯಲ್ಲಿ ಹುಟ್ಟಿ, ಟ್ಯುಬಿಂಗೆನ್ ವಿದ್ಯಾಪೀಠದಲ್ಲಿ ಕಲಿತು, ಬಾಸೆಲ್ ಮಿಶನ್ನಿನ ಪಾದ್ರಿಯಾಗಿ 1836ರ ಕೊನೆಯಲ್ಲಿ ಮಂಗಳೂರಿಗೆ ಬಂದರು. ಈ ಮಿಶನ್ನಿನವರು ಮಂಗಳೂರಿನ ತರುವಾಯ 1837ರಲ್ಲಿ ಧಾರವಾಡದಲ್ಲಿಯೂ, 1839ರಲ್ಲಿ ಹುಬ್ಬಳ್ಳಿಯಲ್ಲಿಯೂ, 1841ರಲ್ಲಿ ಗದಗಿನ ಮಗ್ಗುಲ ಬೆಟಗೇರಿಯಲ್ಲಿಯೂ ನೆಲೆಗಳನ್ನು ಮಾಡಿಕೊಂಡರು. ಹೀಗಾಗಿ ಅವರಿಗೆ ಈ ಭಾಗದ ಲಿಂಗವಂತ ಜನರ ಪರಿಚಯವು ಪತ್ರಿಕೆ ಹುಟ್ಟುವ ಮೊದಲೇ ಆಗಿದ್ದಿತು. 1840ರ ಸುಮಾರಿಗೆ ಕಾಲಜ್ಞಾನದ ವಚನಗಳನ್ನು ನಂಬಿ, ಉದ್ಧಾರಕನೊಬ್ಬನು ಬರುವನೆಂದು ಕಾದಿದ್ದ ಈ ಸೀಮೆಯ ಕೆಲವು ಜನರು ಪಾದ್ರಿಗಳ ಬಳಿಗೆ ಹೋದುದುಂಟು. ಅವರಿಂದ ದೊಡ್ಡ ಮತಾಂತರವಾಗುವದೆಂದು ಪಾದ್ರಿಗಳು ಆಶಿಸಿದರು. ಆ ಆಶೆಯು ಕೈಗೂಡಲಿಲ್ಲ. ಆದರೆ ಈ ಜನರ ನಂಬಿಗೆಗಳು ಅವರ ಪುರಾಣಗಳಲ್ಲಿಯೂ ಹಾಡುಗಳಲ್ಲಿಯೂ ಬೇರೂರಿವೆಯೆಂಬುದೂ, ಅವನ್ನು ಓದದೆ ಈ ಜನರೊಡನೆ ಮಾತನಾಡುವುದು ಸಾಧ್ಯವಿಲ್ಲವೆಂಬುದೂ ಪಾದ್ರಿಗಳಿಗೆ ಮನವರಿಕೆಯಾಯಿತು.

1841ರಲ್ಲಿ ಮಂಗಳೂರಿನಲ್ಲಿ ಮಿಶನ್ನಿನ ಕಲ್ಲಚ್ಚಿನ ಕೂಟವು ಆರಂಭವಾಯಿತು. ಕಲ್ಲಚ್ಚೆಂದರೆ ಅಕ್ಷರದ ಮೊಳೆಗಳನ್ನು ಜೋಡಿಸಿ ಒತ್ತುವ ಅಚ್ಚಲ್ಲ. ಬರೆಯಬಲ್ಲವನು ಜಿಡ್ಡಿನ ಮಸಿಯಿಂದ ಹಾಳೆಯ ಮೇಲೆ ಬರೆಯುವನು. ಆ ಬರಹವನ್ನು ನುಣುಪಾದ ಸುಣ್ಣಗಲ್ಲಿನ ಹಲಗೆಯ ಮೇಲಕ್ಕೆ ಇಳಿಸುವರು. ಕಲ್ಲನ್ನು ನೀರಿನಿಂದ ತೋಯಿಸಿ ಮಸಿಯ ಉರುಳೆಯನ್ನು ಆಡಿಸಿದರೆ ನೀರು ಹಿಡಿದ ಎಡೆಯು ಮಸಿಯನ್ನು ಒಲ್ಲದು, ಜಿಡ್ಡಿರುವ ಅಕ್ಷರಗಳು ಮಾತ್ರ ಹಿಡಿದುಕೊಳ್ಳುವವು. ಅದರ ಮೇಲೆ ಕಾಗದವನ್ನಿಟ್ಟು ಒತ್ತಿದರೆ ಬರಹವು ಮೂಡುವದು. ಈ ಕ್ರಮದಿಂದ ಹೊರಬಂದ ಪುಟವು ಕೈಬರಹದ ಪುಟದಂತೆಯೇ ಕಾಣಿಸುತ್ತಿತ್ತು. ಓಲೆಗರಿಯನ್ನೂ ಕೈಬರಹದ ವಹಿಗಳನ್ನೂ ಓದಿ ರೂಢಿಯಾಗಿದ್ದ ಅಂದಿನ ವಾಚಕನಿಗೆ ಅದು ಪರಕೀಯವೆನ್ನಿಸುವಂತಹದಲ್ಲ. ಆದರೆ ಈ ಕ್ರಮಕ್ಕೆ ಒಂದು ಕುಂದುಂಟು. ಪ್ರತಿಯೊಂದು ಪುಟವನ್ನೂ ಹೊಸದಾಗಿ ಬರೆಯಬೇಕು. ಕಲ್ಲನ್ನು ಉಜ್ಜಿ ಬೇರೆ ಪುಟಕ್ಕೆ ಸಿದ್ಧಪಡಿಸಬೇಕು. ಗೊತ್ತಾದ ದಿನಕ್ಕೆ ತಪ್ಪದೆ ಹೊರಡಬೇಕಾದ ಪತ್ರಿಕೆಗೆ ಇದು ನಿಧಾನವಾದ ದಾರಿ.

ಈ ಕಲ್ಲಚ್ಚಿನಿಂದಲೇ ‘ಮಂಗಳೂರ ಸಮಾಚಾರ’ವು ಹೊರಬಂದಿತು. ಅದು ವಾರಪತ್ರಿಕೆಯಾಗಿರದೆ ಪಕ್ಷಕ್ಕೊಮ್ಮೆ ಹೊರಡುತ್ತಿದ್ದಿತು. ನಾಲ್ಕು ಪುಟಗಳ ಒಂದು ಸಂಚಿಕೆಗೆ ಬೆಲೆಯು ಒಂದು ದುಡ್ಡು. ಊರ ವರ್ತಮಾನ, ಸರಕಾರದ ನಿರೂಪಗಳು, ಬೇರೆ ಬೇರೆ ರಾಜ್ಯಗಳ ಸುದ್ದಿ, ಬುದ್ಧಿಯ ಮಾತುಗಳು, ಕಥೆಗಳು, ದಾಸರ ಹಾಡುಗಳು ಇವೆಲ್ಲವೂ ಆ ನಾಲ್ಕು ಪುಟಗಳಲ್ಲಿ ಎಡೆಪಡೆದವು. ಸರಕಾರದ ನಿರೂಪಗಳನ್ನು ಜನರ ಭಾಷೆಯಲ್ಲಿ ಅಚ್ಚು ಹಾಕಿದುದು ಸಣ್ಣ ಮಾತಲ್ಲ. ಅದುವರೆಗೆ ರೈತನು ಸರಕಾರದ ಮಾತನ್ನು ಶಾನಭೋಗನ ಬಾಯಿಂದ ಇಲ್ಲವೆ ಪೇಟೆಗೆ ಹೋಗಿಬಂದವನ ಬಾಯಿಂದ ಕೇಳಬೇಕಾಗಿದ್ದಿತು. ಹೇಳುವವನು ಕೂಡಿಸಿದರೆ ಕೂಡಿಸಿದಷ್ಟು, ಕಳೆದರೆ ಕಳೆದಷ್ಟು. ಈಗ ಅಕ್ಷರ ಬಲ್ಲವನೊಬ್ಬನು ಕಟ್ಟೆಯ ಮೇಲೆ ಕುಳಿತು ಓದಿದರೆ ಹತ್ತು ಜನರು ಅದೇ ಮಾತನ್ನು ಅದೇ ರೀತಿಯಲ್ಲಿ ಕೇಳುವಂತಾಯಿತು.

ಮಂಗಳೂರಿನಲ್ಲಿ ಇದಕ್ಕೆ ವಿಶೇಷವಾದ ಪ್ರಯೋಜನವಿದ್ದಿತು. ಪತ್ರಿಕೆ ಹುಟ್ಟುವುದಕ್ಕೆ ಆರು ವರ್ಷಗಳ ಹಿಂದೆ, 1837ರಲ್ಲಿ, ಕೊಡಗು ಸುಳ್ಯಗಳ ಕಡೆಯಿಂದ ಕಲ್ಯಾಣಪ್ಪನ ಹೆಸರಿನಲ್ಲಿ ಎದ್ದ ದಂಗೆಯು ಮಂಗಳೂರಿನವರೆಗೂ ಬಂದು ಕುಂಪಣಿಯವರನ್ನು ನಡುಗಿಸಿದ್ದಿತು. ಅಂತಹ ಕಾಲದಲ್ಲಿ ಊರಿಂದೂರಿಗೆ ಗಾಳಿಸುದ್ದಿಯೇ ಹಬ್ಬುವದು. ನಿಜವು ಯಾವುದು, ಸಟೆಯು ಯಾವುದು ಎಂದು ಒರೆಹಚ್ಚಿ ನೋಡಲು ಜನರಿಗೆ ಸಾಧನವಿಲ್ಲ. ಹೆಸರೂ ದಿನಾಂಕವೂ ಇರುವ ಹಾಳೆಯ ಮಾತಾದರೆ ನಾಳೆ ಅದನ್ನು ತೆಗೆದು ತೋರಿಸಿ ಕೇಳಬಹುದು. ಮಾತಿಗೆ ಹೊಣೆಯನ್ನು ಹೊರಿಸಿದುದೇ ವೃತ್ತಪತ್ರಿಕೆಯು ಲೋಕಕ್ಕೆ ಮಾಡಿದ ಮುಖ್ಯೋಪಕಾರ.

ಪತ್ರಿಕೆಯ ಉದ್ದೇಶವು ಪರೋಪಕಾರ ಮಾತ್ರವಾಗಿತ್ತೆಂದು ಹೇಳುವುದು ಚರಿತ್ರೆಗೆ ದ್ರೋಹವಾದೀತು. ಮೋಗ್ಲಿಂಗರು ಈ ನಾಡಿಗೆ ಬಂದುದು ಕ್ರಿಸ್ತಮತವನ್ನು ಹರಡುವುದಕ್ಕಾಗಿ. ಜನರು ಓದುವುದನ್ನು ಕಲಿತರೆ ತಮ್ಮ ಮತದ ಗ್ರಂಥಗಳನ್ನೂ ಓದುವರೆಂಬ ಎಣಿಕೆಯು ಮಿಶನ್ನಿನವರಿಗೆ ಇದ್ದೇ ಇದ್ದಿತು. ಅಷ್ಟಾದರೂ ಅದೇ ಪತ್ರಿಕೆಯಲ್ಲಿ ದಾಸರ ಪದಗಳನ್ನು ಅಚ್ಚುಹಾಕಿದುದನ್ನು ನೋಡಿದರೆ, ಈ ನಾಡಿನ ನುಡಿಯ ಸೊಬಗು ಆ ಪಾದ್ರಿಗಳ ಮನಸ್ಸನ್ನು ಗೆದ್ದಿತ್ತೆಂಬುದೂ ಅಷ್ಟೇ ಸತ್ಯ. ಬಂದ ಕಾರ್ಯವು ಒಂದು, ಆದ ಕಾರ್ಯವು ಇನ್ನೊಂದು.

ಮಂಗಳೂರಿನ ಸುತ್ತಣ ಜನರ ಮನೆಮಾತು ಬಹುಮಟ್ಟಿಗೆ ತುಳು ಇಲ್ಲವೆ ಕೊಂಕಣಿ. ಕನ್ನಡವು ಅಲ್ಲಿ ಓದುಬರಹದ ಭಾಷೆ; ಅದೇ ಮನೆಮಾತಾಗಿರುವ ಜನರ ದೊಡ್ಡ ಸಮೂಹವು ಘಟ್ಟದ ಮೇಲೆ. ಆದುದರಿಂದ ಪತ್ರಿಕೆಯು ಘಟ್ಟದ ಮೇಲಣ ಊರುಗಳನ್ನೂ ತಲಪಬೇಕಾಗಿದ್ದಿತು. ಇತ್ತ ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನವರು ಅಚ್ಚುಕೂಟವನ್ನು ನಡೆಸುತ್ತಿದ್ದರು; ಅಲ್ಲಿ ಕನ್ನಡದ ಮೊಳೆಗಳಿಂದ ಅಚ್ಚು ಹಾಕುವ ಅನುಕೂಲವಿದ್ದಿತು. ಹೀಗಾಗಿ 1844ರಲ್ಲಿ ಪತ್ರಿಕೆಯನ್ನು ಬಳ್ಳಾರಿಗೆ ಸಾಗಿಸಿ ‘ಕನ್ನಡ ಸಮಾಚಾರ’ವೆಂದು ಹೆಸರಿಟ್ಟರು. ಒಂದು ಊರಿನ ಹೆಸರು ಹೋಗಿ ಒಂದು ಭಾಷೆಯ ಹೆಸರು ಬಂದುದು ಗಮನಿಸತಕ್ಕ ವಿಷಯ. ಅಂದು ಕರ್ನಾಟಕವೆಂಬ ಪ್ರಾಂತವು ಯಾವ ಸರಕಾರದ ನಕ್ಷೆಯಲ್ಲಿಯೂ ಇರಲಿಲ್ಲ. ಮದ್ರಾಸ, ಮುಂಬಯಿ, ಮೈಸೂರು, ನಿಜಾಮ ಎಂಬ ಗಡಿಗಳನ್ನು ಎಣಿಸದೆ ಕನ್ನಡವನ್ನು ಓದುವವರೆಲ್ಲರೂ ಒಂದೇ ವಾಚಕವೃಂದವೆಂದು ಆ ಹೆಸರು ಸಾರಿತು. ರಾಜ್ಯವು ಒಂದಾದುದು 1956ನೆಯ ಇಸವಿ ನವೆಂಬರ 1ರಂದು. ವಾಚಕರು ಒಂದೆಂಬ ಭಾವನೆಯು ಅದಕ್ಕಿಂತ 112 ವರ್ಷಗಳ ಮೊದಲೇ ಒಂದು ಪತ್ರಿಕೆಯ ತಲೆಬರಹದಲ್ಲಿ ಕಾಣಿಸಿಕೊಂಡಿತು.

ಹೆಸರು ಹಿರಿದಾದರೂ ಆಯುಷ್ಯವು ಹಿರಿದಾಗಲಿಲ್ಲ. ‘ಕನ್ನಡ ಸಮಾಚಾರ’ವೂ ಬೇಗನೆ ನಿಂತುಹೋಯಿತು. ಆ ಕಾಲದ ತೊಡಕುಗಳನ್ನು ನೆನೆದರೆ ಇದು ಆಶ್ಚರ್ಯವೆನ್ನಿಸಲಾರದು. ತಂತಿಯೂ ಉಗಿಬಂಡಿಯೂ ಬಾರದ ಕಾಲವದು. ಸುದ್ದಿಯು ಹಡಗು, ಎತ್ತಿನ ಗಾಡಿ ಮತ್ತು ಅಂಚೆಯಾಳಿನ ಕಾಲುಗಳನ್ನು ನೆಚ್ಚಿಕೊಂಡಿದ್ದಿತು. ಮಳೆಗಾಲದಲ್ಲಿ ಘಟ್ಟವನ್ನು ಹತ್ತುವುದೇ ಪ್ರಯಾಸ. ಅಂಚೆಯ ವೆಚ್ಚವು ದೂರವನ್ನು ಅನುಸರಿಸಿ ಏರುತ್ತಿತ್ತು. ದೇಶಕ್ಕೆಲ್ಲ ಒಂದೇ ಆದ ಅರ್ಧಾಣೆಯ ದರವು ಬಂದುದು 1854ರಲ್ಲಿ. ಒಂದು ದುಡ್ಡಿನ ಪತ್ರಿಕೆಯನ್ನು ದೂರದ ಹಳ್ಳಿಗೆ ಕಳುಹಿಸಿದರೆ ಕೂಲಿಯೇ ಸರಕನ್ನು ನುಂಗುವಂತಹ ಕಾಲವದು. ಓದಬಲ್ಲವರಾದರೂ ಎಷ್ಟು ಮಂದಿ? ಐಗಳ ಮಠಗಳಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿ ಕಲಿತ ಅಲ್ಪಸಂಖ್ಯರು ಮಾತ್ರ.

ಇವೆಲ್ಲಕ್ಕಿಂತ ದೊಡ್ಡ ತೊಡಕೊಂದು ಇದ್ದಿತು. ‘ಮುಂಬಯಿ ಸಮಾಚಾರ’ವೂ ‘ಮಂಗಳೂರ ಸಮಾಚಾರ’ವೂ ಜುಲೈ 1ರಂದೇ ಹುಟ್ಟಿದವು, ಅವುಗಳ ನಡುವೆ 21 ವರ್ಷಗಳ ಅಂತರವಷ್ಟೆ. ಮೊದಲನೆಯದು ಮುಂದೆ ದಿನಪತ್ರಿಕೆಯಾಗಿ 200 ವರ್ಷಗಳನ್ನು ದಾಟಿ ಇಂದಿಗೂ ನಡೆಯುತ್ತಿದೆ. ಎರಡನೆಯದು ಎಳೆತನದಲ್ಲಿಯೇ ಹೋಯಿತು. ಮುಂಬಯಿಯ ಪತ್ರಿಕೆಯನ್ನು ತೆಗೆದವರು ಆ ಸಮಾಜದವರೇ. ಹಡಗುಗಳ ಬರವು, ಸರಕಿನ ಧಾರಣೆ ಮುಂತಾದ ಸುದ್ದಿಯು ಬೇಕಾದ ವರ್ತಕರು ಅದನ್ನು ಕೊಂಡು ಓದಿದರು. ಮಂಗಳೂರಿನ ಪತ್ರಿಕೆಯನ್ನು ತೆಗೆದವರು ಹೊರಗಿನವರು. ಅದರ ಹಣವೂ ಹೊರಗಿನದು. ಅದು ತಮ್ಮದೆಂದು ಹೇಳಿ ಹೆಗಲು ಕೊಡುವ ಸಮಾಜವು ಅದರ ಹಿಂದೆ ಇರಲಿಲ್ಲ. ಬಾಸೆಲ್ ಮಿಶನ್ನಿನವರೇ ಆದ ಗುಂಡರ್ಟರು 1847ರಲ್ಲಿ ತಲಚೇರಿಯಿಂದ ಮಲೆಯಾಳದ ಮೊದಲ ಪತ್ರಿಕೆಯಾದ ‘ರಾಜ್ಯಸಮಾಚಾರ’ವನ್ನು ಆರಂಭಿಸಿದರು, ಅದೂ ಮೂರು ವರ್ಷಗಳಲ್ಲಿ ನಿಂತಿತು. ಜನರಿಗಾಗಿ ಎಂದು ಹೊರಗಿನವರು ನೆಟ್ಟ ಗಿಡಕ್ಕೆ ಜನರೇ ನೀರೆರೆಯದಿದ್ದರೆ ಅದು ಉಳಿಯಲಾರದು.

ಆದರೆ ಗಿಡವು ಒಣಗಿದರೂ ಬೀಜವು ಕೆಡಲಿಲ್ಲ. ಪತ್ರಿಕೆಯನ್ನು ನಿಲ್ಲಿಸಿದ ಮೋಗ್ಲಿಂಗರು ಅಚ್ಚಿನ ಕಾರ್ಯವನ್ನು ನಿಲ್ಲಿಸಲಿಲ್ಲ. ಕುಂಪಣಿಯ ಹಿರಿಯ ಅಧಿಕಾರಿಯಾಗಿದ್ದ ಕಾಸಾಮೇಜರರ ದ್ರವ್ಯಸಹಾಯದಿಂದ 1848ರಿಂದ ಮುಂದಕ್ಕೆ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆಯನ್ನು ಹೊರಡಿಸಿದರು. ಜೈಮಿನಿ ಭಾರತ, ದಾಸರ ಪದಗಳು ಮುಂತಾದವುಗಳೊಡನೆ ಭೀಮಕವಿಯ ಬಸವಪುರಾಣವೂ, ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣವೂ ಅದರಲ್ಲಿ ಅಚ್ಚಾದವು. 1369ರಲ್ಲಿ ಭೀಮಕವಿಯು ರಚಿಸಿದಂದಿನಿಂದ ಸುಮಾರು 480 ವರ್ಷ ಮಠಮಠಗಳಲ್ಲಿ ಓಲೆಯಿಂದ ಓಲೆಗೆ ಪ್ರತಿಯಾಗುತ್ತ ಬಂದ ಗ್ರಂಥವು ಅಚ್ಚಿನ ಪುಸ್ತಕವಾಗಿ ಕೈಗೆ ಬಂದಿತು. ಅದೇ ಮಿಶನ್ನಿನ ವುರ್ಥರು ಬಸವಪುರಾಣ, ಚೆನ್ನಬಸವಪುರಾಣಗಳನ್ನು ಇಂಗ್ಲಿಷಿಗೆ ತಿರುಗಿಸಿ 1860ರ ದಶಕದಲ್ಲಿ ಮುಂಬಯಿಯ ಏಶಿಯಾಟಿಕ ಸೊಸಾಯಿಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1853ರಲ್ಲಿ ಬಂದ ಕಿಟ್ಟೆಲರು ಧಾರವಾಡ, ಹುಬ್ಬಳ್ಳಿಗಳ ಕಡೆಯಲ್ಲಿಯೂ ಇದ್ದು ಜನರ ನುಡಿಯನ್ನು ಸಂಗ್ರಹಿಸಿದರು. 1894ರಲ್ಲಿ ಹೊರಬಂದ ಅವರ ಮಹಾಕೋಶವು ವೀರಶೈವ ಪುರಾಣಗಳ ಮಾತುಗಳನ್ನೂ ಒಳಗೊಂಡಿದೆ. ಮೋಗ್ಲಿಂಗರ ಕನ್ನಡದ ಸೇವೆಗಾಗಿ ಟ್ಯುಬಿಂಗೆನ್ ವಿದ್ಯಾಪೀಠವು 1858ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನಿತ್ತಿತು. 1860ರಲ್ಲಿ ಅವರು ಸ್ವದೇಶಕ್ಕೆ ಮರಳಿ 1881ರಲ್ಲಿ ತೀರಿಕೊಂಡರು.

ಇಂತಹವರ ವಿಷಯದಲ್ಲಿ ಭಕ್ತರು ತಳೆಯತಕ್ಕ ಭಾವವೇನು? ಮತಾಂತರದ ಉದ್ದೇಶವುಳ್ಳವರೆಂದು ಅವರು ಮಾಡಿದ ಕಾರ್ಯವನ್ನೇ ಮರೆಯುವುದು ಒಂದು ಪಕ್ಷ. ಗ್ರಂಥಗಳನ್ನು ಅಚ್ಚಿಸಿದರೆಂದು ಅವರ ಉದ್ದೇಶವನ್ನೇ ಮರೆಯುವುದು ಇನ್ನೊಂದು ಪಕ್ಷ. ಎರಡೂ ಸತ್ಯಕ್ಕೆ ದೂರ. ಪುರಾಣಗಳನ್ನು ಅವರು ಅಚ್ಚಿಸಿದುದರಲ್ಲಿ ಜನರ ನಂಬಿಗೆಯನ್ನು ಅರಿತು ಅದನ್ನು ಅಲುಗಿಸಬೇಕೆಂಬ ಎಣಿಕೆಯೂ ಇದ್ದಿತು. ಆದರೆ ಅಚ್ಚಾದ ಪುಸ್ತಕವು ಅಚ್ಚಿಸಿದವನ ಎಣಿಕೆಯಂತೆಯೇ ನಡೆಯುವುದಿಲ್ಲ. ಭಕ್ತನ ಕೈಗೆ ಬಂದ ಬಸವಪುರಾಣವು ಭಕ್ತಿಯನ್ನೇ ಬೆಳೆಸಿತು. ಉಪಕಾರವನ್ನು ಉಪಕಾರವೆಂದು ನೆನೆದು, ಉದ್ದೇಶವನ್ನು ಉದ್ದೇಶವೆಂದು ತಿಳಿದು ನಡೆಯುವುದೇ ವಿವೇಕ.

ಇನ್ನು ಈ ಸೀಮೆಯ ಕಡೆಗೆ ತಿರುಗಿ ನೋಡಿದರೆ, ಪಾದ್ರಿಗಳು ತೋರಿದ ದಾರಿಯಲ್ಲಿ ಕನ್ನಡಿಗರೇ ನಡೆಯತೊಡಗಿದುದು ಕಂಡುಬರುತ್ತದೆ. 1860ರ ದಶಕದಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದು ಓದಬಲ್ಲ ಪೀಳಿಗೆಯನ್ನು ಸಿದ್ಧಗೊಳಿಸಿದರು. ಅದೇ ದಶಕದಲ್ಲಿ ಬೆಳಗಾವಿಯಿಂದ ಹೊರಟ ಶಿಕ್ಷಕರ ಮಾಸಪತ್ರಿಕೆಯ ಹೆಸರೇ ‘ಮಠಪತ್ರಿಕೆ’. ಶಾಲೆಯೆಂದರೆ ಮಠ, ಮಠವೆಂದರೆ ಶಾಲೆ ಎಂಬ ಈ ನಾಡಿನ ಹಳೆಯ ರೂಢಿಗೆ ಆ ಹೆಸರೇ ಸಾಕ್ಷಿ. 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಯ ನಿಧಿಯು ಏರ್ಪಟ್ಟಿತು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಗಿ, 1896ರಿಂದ ‘ವಾಗ್ಭೂಷಣ’ವನ್ನು ಹೊರಡಿಸಿತು. 1904ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳ ಪ್ರೇರಣೆಯಿಂದ ವೀರಶೈವ ಮಹಾಸಭೆಯು ಧಾರವಾಡದಲ್ಲಿಯೇ ಮೊದಲು ಕೂಡಿತು. 1921ರಲ್ಲಿ ರಂಗರಾವ ದಿವಾಕರರು ಧಾರವಾಡದಿಂದ ‘ಕರ್ಮವೀರ’ ವಾರಪತ್ರಿಕೆಯನ್ನು ಆರಂಭಿಸಿದರು. ಸ್ವರಾಜ್ಯದ ಮಾತು ಅದರ ಮೂಲಕ ಹಳ್ಳಿಗಳನ್ನು ಮುಟ್ಟಿತು.

ಧಾರವಾಡದಲ್ಲಿಯೇ 1880ರಲ್ಲಿ ಹುಟ್ಟಿದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಚರಿತ್ರೆಯು ಈ ಪ್ರಕರಣಕ್ಕೆ ಕಿರೀಟಪ್ರಾಯವಾದುದು. ಓಲೆಗರಿಗಳನ್ನು ಮನೆಮನೆಗೆ ಅಲೆದು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಗಾವಿಯಲ್ಲಿ ಅಚ್ಚು ಮಾಡಿಸಿದರು. ಅನಂತರ ವಿಜಾಪುರದಲ್ಲಿ ಸ್ವಂತ ‘ಹಿತಚಿಂತಕ’ ಮುದ್ರಣಾಲಯವನ್ನು ಹಾಕಿ, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದರು. ವಕೀಲಿ ವೃತ್ತಿಯ ಸಂಪಾದನೆಯನ್ನೂ ಇದ್ದ ಮನೆಯನ್ನೂ ಆ ಕಾರ್ಯಕ್ಕೆ ಸವೆಸಿದರು. ಮಂಗಳೂರಿನ ಪತ್ರಿಕೆಗೆ ಇಲ್ಲದಿದ್ದುದು ಯಾವುದೋ ಅದು ಇಲ್ಲಿ ಇದ್ದಿತು: ಹೇಳುವವನೂ ಕೇಳುವವನೂ ಒಂದೇ ಮನೆಯವರು, ಹೇಳುವ ಮಾತು ಇಬ್ಬರಿಗೂ ಸೇರಿದ ಸೊತ್ತು. ಕಷ್ಟವು ಇಲ್ಲಿಯೂ ಕಡಿಮೆಯಾಗಿರಲಿಲ್ಲ. ಆದರೆ ಕಷ್ಟಪಟ್ಟವನು ಅದನ್ನು ಕಾಯಕವೆಂದು ತಿಳಿದುದರಿಂದ ಕೆಲಸವು ನಡುವೆ ಮುರಿಯಲಿಲ್ಲ.

ಕರ್ನಾಟಕದಲ್ಲಿ ಜುಲೈ 1ನೆಯ ದಿನವನ್ನು ಪತ್ರಿಕಾ ದಿನವೆಂದು ಆಚರಿಸುತ್ತಾರೆ. ‘ಮಂಗಳೂರ ಸಮಾಚಾರ’ದ ನೆನಪು ಹೀಗೆ ಉಳಿದಿದೆ. ಆದರೆ ಅದರ ಅನಂತರ ಈ ಭಾಗದಲ್ಲಿ ಹುಟ್ಟಿ ಮಡಿದ ಸಣ್ಣ ಪತ್ರಿಕೆಗಳು ಹಲವಿವೆ. ಅವುಗಳ ಗತಿಯನ್ನು ನೆನೆದರೆ ಮನಸ್ಸು ನೋಯುವದು. ಓಲೆಯ ಕಟ್ಟನ್ನು ವಸ್ತ್ರದಲ್ಲಿ ಸುತ್ತಿ, ವಿಭೂತಿಯನ್ನಿಟ್ಟು ಪೂಜಿಸುವ ಜನರು ಹಳೆಯ ಪತ್ರಿಕೆಯನ್ನು ಕಿರಾಣಿ ಅಂಗಡಿಯ ಪೊಟ್ಟಣಕ್ಕೆ ಕೊಟ್ಟರು. ಓಲೆಯಲ್ಲಿ ಶರಣರ ಅನುಭಾವವಿದ್ದರೆ ಪತ್ರಿಕೆಯಲ್ಲಿ ಅಜ್ಜಂದಿರ ಬಾಳುವೆಯಿದೆ: ಯಾವ ವರ್ಷ ಬರ ಬಿದ್ದಿತು, ಯಾವ ವರ್ಷ ಹತ್ತಿಯ ಧಾರಣೆ ಇಳಿಯಿತು, ಯಾವ ಜಾತ್ರೆಯಲ್ಲಿ ಯಾವ ಪೂಜ್ಯರು ಎಂತಹ ಬೋಧೆಯನ್ನು ಮಾಡಿದರು ಎಂಬುದಕ್ಕೆ ಬೇರೆ ದಾಖಲೆಯಿಲ್ಲದ ಊರುಗಳು ಎಷ್ಟೋ ಇವೆ.

ಆದುದರಿಂದ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಭಕ್ತರ ಮನೆಯ ಅಟ್ಟದ ಮೇಲೆ, ಗಲ್ಲೆಪೆಟ್ಟಿಗೆಯ ಅಡಿಯಲ್ಲಿ, ಹಳೆಯ ವಹಿಗಳ ನಡುವೆ ಇರಬಹುದಾದ ಪತ್ರಿಕೆಗಳನ್ನೂ ಜಾತ್ರೆಯ ಕರೆಯೋಲೆಗಳನ್ನೂ ಹುಳಹಿಡಿದ ಪುಸ್ತಕಗಳನ್ನೂ ಎಸೆಯದೆ ಶ್ರೀಮಠದ ಭಂಡಾರಕ್ಕೆ ತಂದೊಪ್ಪಿಸುವುದು ಈ ಮಹೋತ್ಸವದ ಕಾಲದಲ್ಲಿ ಸಲ್ಲಿಸತಕ್ಕ ಒಂದು ಸೇವೆ. ಒಂದು ದುಡ್ಡಿನ ಆ ನಾಲ್ಕು ಪುಟಗಳನ್ನು ಅಂದು ಯಾರೋ ಕಾಪಾಡಿದುದರಿಂದಲೇ ಕನ್ನಡ ಪತ್ರಿಕೆಯ ಹುಟ್ಟಿದ ದಿನವು ಇಂದು ತಿಳಿದಿದೆ. ಪರದೇಶದವರು ಆರಂಭಿಸಿ ನಡೆಸಲಾರದೆ ಬಿಟ್ಟ ದಾಸೋಹವನ್ನು ಈ ನಾಡಿನ ಮಠಗಳೂ ಭಕ್ತರೂ ಕೂಡಿ ಮುಂದುವರಿಸಲಿ. ಅರಿವಿನ ಪ್ರಸಾದವು ಪ್ರತಿಯೊಂದು ಹಳ್ಳಿಯ ಪ್ರತಿಯೊಂದು ಮನೆಯನ್ನೂ ಮುಟ್ಟಲಿ.